ಎರಡು ಸಲ ಮೆತ್ತಿದ ಗೋಡೆ

ಮಾಲೂರು ತಾಲ್ಲೂಕಿನ ಲಕ್ಕೂರಿಗೆ ಹೋಗಿ ಕದಿರೇಶನ ಮನೆ ಎಲ್ಲಿ ಎಂದು ಕೇಳಿದರೆ ಜನ ಎರಡು ಸಲ ಯೋಚಿಸುತ್ತಾರೆ. ಗಾರೆ ಸೊಣ್ಣಪ್ಪನ ಮಗನ ಮನೆ ಎಂದರೆ ಬಾಗಿಲವರೆಗೂ ಬಂದು ತೋರಿಸಿ ಹೋಗುತ್ತಾರೆ. ಸೊಣ್ಣಪ್ಪ ತೀರಿಕೊಂಡು ಹದಿನೈದು ವರ್ಷ ದಾಟಿದೆ. ಕದಿರೇಶನಿಗೇ ಈಗ ಅರವತ್ತು ತುಂಬಿದೆ. ನಲವತ್ತು ವರ್ಷ ಮೇಸ್ತ್ರಿ ಕೆಲಸ ಮಾಡಿ, ಕಡಿಮೆಯೆಂದರೂ ಮುನ್ನೂರು ಮನೆಗಳ ಗೋಡೆಯ ಮೇಲೆ ಕರಣೆ ಆಡಿಸಿದ್ದರೂ ಊರಿನವರ ಬಾಯಲ್ಲಿ ಅವನು ಇನ್ನೂ ಅಪ್ಪನ ಮಗನೇ.

ಸೊಣ್ಣಪ್ಪ ಸುಣ್ಣದ ಗಾರೆಯವನು. ಸುಟ್ಟ ಸುಣ್ಣದ ಕಲ್ಲನ್ನು ಗುಂಡಿಗೆ ಹಾಕಿ ನೀರು ಬಿಟ್ಟು ಅರಳಿಸಿ, ವಾರಗಟ್ಟಲೆ ನೆನೆಯಲು ಬಿಟ್ಟು, ಆಮೇಲೆ ಮರಳು ಬೆರೆಸಿ, ಎತ್ತು ಕಟ್ಟಿದ ಕಲ್ಲಿನ ಗಾಣದಲ್ಲಿ ಅದನ್ನು ಬೆಣ್ಣೆಯ ಹಾಗೆ ಅರೆಸುತ್ತಿದ್ದ. ಅರೆಯುವಾಗ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೀಳುತ್ತಿತ್ತು. ಹದ ಬಂತೋ ಇಲ್ಲವೋ ಎಂದು ನೋಡಲು ಒಂದು ಚಿಟಿಕೆ ಗಾರೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಕೋಲಾರದ ಹಳೆಯ ಪೇಟೆಯಲ್ಲಿ, ಮುಳಬಾಗಿಲಿನಲ್ಲಿ, ಶ್ರೀನಿವಾಸಪುರದ ಮಾವಿನ ಮಂಡಿಯವರ ದೊಡ್ಡ ಮನೆಗಳಲ್ಲಿ ಅವನ ಕೈಯ ಗೋಡೆಗಳು ಇದ್ದವು.

ಕದಿರೇಶನಿಗೆ ಆ ಕೆಲಸ ಹಿಡಿಸಲಿಲ್ಲ. ಸುಣ್ಣ ಕೈ ಸುಡುತ್ತಿತ್ತು, ಉಗುರಿನ ಸಂದು ಬಿರಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಕಾಯುವುದು ಅವನಿಗಾಗುತ್ತಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಮಾಲೂರಿನ ಹತ್ತಿರ ಒಂದು ಕಾರ್ಖಾನೆಯ ಕಾಂಪೌಂಡ್ ಕೆಲಸಕ್ಕೆ ಹೋದ. ಬೆಳಿಗ್ಗೆ ಮೆತ್ತಿದ್ದು ಸಂಜೆಗೆ ಕಲ್ಲಾಗಿ ನಿಲ್ಲುವುದನ್ನು ಕಂಡು, ಇದಪ್ಪಾ ಕೆಲಸ ಎಂದುಕೊಂಡ. ಮನೆಗೆ ಬಂದು ಅಪ್ಪನಿಗೆ ಹೇಳಿದ.

"ಸಿಮೆಂಟು ಗಟ್ಟಿ ಕಣ್ಲಾ, ನಾನೂ ನೋಡಿವ್ನಿ," ಎಂದ ಸೊಣ್ಣಪ್ಪ. "ಗೋಡೆಗಿಂತ ಮೇಲಿನ ಗಾರೆ ಗಟ್ಟಿ ಇರಬಾರ್ದು. ಅಷ್ಟು ನೆಪ್ಪಿಟ್ಕೊ."

"ಗಟ್ಟಿ ಇದ್ರೆ ಒಳ್ಳೇದಲ್ವೇನಪ್ಪಾ?"

ಸೊಣ್ಣಪ್ಪ ಇನ್ನೊಂದು ಸಲ ಅದನ್ನೇ ಹೇಳಿದ. ಮಾತಿನಲ್ಲಿ ಬಿಡಿಸಿ ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಅಪ್ಪ ಮಗ ಜಗಳವಾಡಲಿಲ್ಲ; ಒಬ್ಬ ಸುಣ್ಣದ ಕೆಲಸಕ್ಕೆ, ಇನ್ನೊಬ್ಬ ಸಿಮೆಂಟಿನ ಕೆಲಸಕ್ಕೆ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಕೆಲವು ವರ್ಷಗಳಲ್ಲಿ ಸುಣ್ಣದ ಕೆಲಸ ಕೇಳಿಕೊಂಡು ಬರುವವರೇ ಇಲ್ಲವಾದರು. ಗಾಣದ ಕಲ್ಲು ಹಿತ್ತಲಲ್ಲಿ ಉಳಿಯಿತು. ಕದಿರೇಶನ ಮದುವೆಯಾದ ಮೇಲೆ ಅವನ ಹೆಂಡತಿ ಗಂಗಾಲಕ್ಷ್ಮಿ ಅದರ ಮೇಲೆ ಬಟ್ಟೆ ಒಗೆಯತೊಡಗಿದಳು.

ಕೋಲಾರದ ಕೋಟೆ ಕಡೆಯ ಒಂದು ಬೀದಿಯಲ್ಲಿ ಅಕ್ಕಯ್ಯಮ್ಮನ ಛತ್ರ ಎಂಬ ಹಳೆಯ ಕಟ್ಟಡವಿದೆ. ಬೆಲ್ಲದ ವ್ಯಾಪಾರಿಯೊಬ್ಬನ ವಿಧವೆ ದಾರಿಹೋಕರಿಗೆಂದು ಕಟ್ಟಿಸಿದ್ದು. ನೂರಿಪ್ಪತ್ತು ವರ್ಷದ ಮೇಲಾಗಿದೆ. ಮುಂದೆ ಎಂಟು ದಪ್ಪ ಕಂಬಗಳ ಜಗಲಿ, ಒಳಗೆ ತೊಟ್ಟಿ, ತೊಟ್ಟಿಯ ಸುತ್ತ ಕೋಣೆಗಳು, ಹಿಂದೆ ಅಡುಗೆಮನೆ, ಮೇಲೊಂದು ಉದ್ದನೆಯ ಹಜಾರ. ಗೋಡೆಗಳು ಒಂದೂವರೆ ಮೊಳ ದಪ್ಪ, ಸಣ್ಣ ಇಟ್ಟಿಗೆ, ಸುಣ್ಣದ ಗಾರೆ. ಲಾಡ್ಜುಗಳು ಬಂದ ಮೇಲೆ ಛತ್ರಕ್ಕೆ ಬರುವವರಿಲ್ಲದೆ ಅದು ಮದುವೆಗೆ, ತಿಥಿಗೆ, ಚುನಾವಣೆ ಸಮಯದಲ್ಲಿ ಬ್ಯಾನರ್ ಕಟ್ಟುವುದಕ್ಕೆ ಬಳಕೆಯಾಗುತ್ತಿತ್ತು.

ಎರಡು ಸಾವಿರದ ನಾಲ್ಕರಲ್ಲಿ ಛತ್ರದ ಟ್ರಸ್ಟಿನವರು ಅದನ್ನು ರಿಪೇರಿ ಮಾಡಿಸಲು ಹೊರಟರು. ಕೆಲಸ ಹಿಡಿದವನು ಕೋದಂಡರಾಮಪ್ಪ ಎಂಬ ಗುತ್ತಿಗೆದಾರ. ಅವನು ಕರೆದದ್ದು ಕದಿರೇಶನನ್ನು. ಆಗ ಕದಿರೇಶನಿಗೆ ನಲವತ್ತು, ಕೈ ಪಳಗಿದ ಕಾಲ. ಇಪ್ಪತ್ತಮೂರು ಜನರನ್ನು ಹಾಕಿಕೊಂಡು, ಅಲ್ಲಲ್ಲಿ ಉದುರಿದ್ದ ಹಳೆಯ ಸುಣ್ಣವನ್ನು ಕೆತ್ತಿಸಿ, ಗೋಡೆಗೆ ತಂತಿ ಬಲೆ ಹೊಡೆಸಿ, ಅದರ ಮೇಲೆ ಒಂದು ಅಂಗುಲ ಸಿಮೆಂಟು ಮೆತ್ತಿಸಿದ. ಮುಂದಿನ ಗೋಡೆಯ ಮೇಲೆ ಹಸಿ ಇರುವಾಗಲೇ ಮೊಳೆಯಿಂದ ಗೀರಿ, ಕಲ್ಲುಕಟ್ಟಡದ ಹಾಗೆ ಕಾಣುವಂತೆ ಗೆರೆ ಎಳೆದ. ಆ ಗೆರೆಗಳನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ನಲವತ್ತು ದಿನದಲ್ಲಿ ಕೆಲಸ ಮುಗಿಯಿತು. ಮೆಟ್ಟಿಲ ಕೋಣೆಯ ಒಳಗೋಡೆಯೊಂದು ಮಾತ್ರ ಉಳಿಯಿತು. ಸಾಮಾನು ಮುಗಿದಿತ್ತು, ಯಾರ ಕಣ್ಣಿಗೂ ಬೀಳುವ ಜಾಗವಲ್ಲ, ಇರಲಿ ಬಿಡು ಎಂದ ಕೋದಂಡರಾಮಪ್ಪ.

ಕದಿರೇಶ ಅಪ್ಪನನ್ನು ಕರೆದುಕೊಂಡು ಬಂದು ತೋರಿಸಿದ. ಸೊಣ್ಣಪ್ಪನಿಗೆ ಆಗ ಮಂಡಿನೋವು. ಆಟೋದಿಂದ ಇಳಿದು, ಕಂಬಕ್ಕೆ ಕೈ ಊರಿ, ಗೆರೆಗಳನ್ನು ನೋಡಿ, "ಗೆರೆ ನೀಟಾಗೈತೆ," ಎಂದ. ಅಷ್ಟೇ. ಕದಿರೇಶ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡ.

ಆಮೇಲಿನ ಹದಿನೇಳು ವರ್ಷ ಅವನು ಆ ಬೀದಿಗೆ ಹೋಗಲಿಲ್ಲ. ಕೆಲಸ ಬೇರೆಬೇರೆ ಕಡೆ ಇತ್ತು. ಅಪ್ಪ ಸತ್ತ. ಮಗಳು ತ್ರಿವೇಣಿಯನ್ನು ಹೊಸಕೋಟೆಗೆ ಕೊಟ್ಟ. ಗಾಣದ ಕಲ್ಲು ಅರ್ಧ ಮಣ್ಣಲ್ಲಿ ಹೂತುಹೋಯಿತು.

ಎರಡು ಸಾವಿರದ ಇಪ್ಪತ್ತೊಂದರ ಮಳೆಗಾಲದಲ್ಲಿ ಛತ್ರದ ಮುಂಗೋಡೆಯಿಂದ ಬಾಗಿಲಿನಷ್ಟು ಅಗಲದ ಗಾರೆ ಒಂದೇ ತುಂಡಾಗಿ ಕಳಚಿ ಬಿತ್ತು. ಜಗಲಿಯ ಕೆಳಗೆ ಸೊಪ್ಪು ಮಾರುತ್ತಿದ್ದ ಹೆಂಗಸು ಆಗಷ್ಟೇ ಚಹಾ ಕುಡಿಯಲು ಎದ್ದುಹೋಗಿದ್ದಳು. ಅವಳ ಸೊಪ್ಪಿನ ಬುಟ್ಟಿ ಅಪ್ಪಚ್ಚಿಯಾಯಿತು. ಜನ ಸೇರಿದರು. ಬಿದ್ದ ಜಾಗದಲ್ಲಿ ಕೈ ಹಾಕಿದರೆ ಇಟ್ಟಿಗೆ ಕೆಂಪು ಪುಡಿಯಾಗಿ ಸುರಿಯುತ್ತಿತ್ತು. ಕಟ್ಟಡ ಸತ್ತಿದೆ, ಯಾರಾದರೂ ಸಾಯುವ ಮೊದಲು ಕೆಡವಬೇಕು ಎಂಬ ಮಾತು ಎದ್ದಿತು. ಹಿಂದಿನ ರಸ್ತೆಯನ್ನು ಅಗಲ ಮಾಡುವ ಯೋಜನೆಯೂ ಇತ್ತು. ಛತ್ರ ಹೋದರೆ ಎರಡೂ ಕಡೆ ಅಂಗಡಿ ಮಳಿಗೆ ಕಟ್ಟಬಹುದು ಎಂದು ಕೆಲವರು ಚಿತ್ರವನ್ನೂ ಬರೆಸಿದರು.

ಕೆಡವಬಾರದು ಎಂದವರೂ ಇದ್ದರು. ಅವರ ಮುಂದಾಳು ಸುಬ್ಬರಾಯಪ್ಪ ಎಂಬ ನಿವೃತ್ತ ಮೇಷ್ಟ್ರು. ಅವರು ನೂರಾರು ಸಹಿ ಹಾಕಿಸಿ ಅರ್ಜಿ ಕೊಟ್ಟರು. ಅರ್ಜಿಯ ಫಲವಾಗಿ, ಹಳೆಯ ಕಟ್ಟಡಗಳನ್ನು ಉಳಿಸುವ ವಿದ್ಯೆ ಕಲಿತ ಅನಿತ ಎಂಬ ಇಂಜಿನಿಯರ್ ಛತ್ರವನ್ನು ಪರೀಕ್ಷಿಸಲು ಬಂದಳು. ಶ್ರೀನಿವಾಸಪುರದ ಕಡೆಯ ಹುಡುಗಿ, ಮೂವತ್ತೆರಡು ವಯಸ್ಸು. ಒಂದು ವಾರ ಗೋಡೆ ಗೋಡೆಯನ್ನೂ ತಟ್ಟಿ ನೋಡಿ, ಉಳಿಸಬಹುದು, ಆದರೆ ಸುಣ್ಣದ ಗಾರೆ ಗೊತ್ತಿರುವ ಮೇಸ್ತ್ರಿ ಬೇಕು ಎಂದಳು. ಹುಡುಕುತ್ತಾ ಹೋದಾಗ ಮೂರು ಕಡೆ ಒಂದೇ ಹೆಸರು ಕೇಳಿಬಂತು. ಹಾಗೆ ಅವಳು ಒಂದು ಮಧ್ಯಾಹ್ನ ಸ್ಕೂಟರ್ ಏರಿ ಲಕ್ಕೂರಿಗೆ ಬಂದು ಗಾರೆ ಸೊಣ್ಣಪ್ಪನ ಮನೆ ಯಾವುದು ಎಂದು ಕೇಳಿದಳು.

"ಅವ್ರು ತೀರ್ಕೊಂಡು ತುಂಬಾ ವರ್ಷ ಆಯ್ತಮ್ಮ," ಎಂದ ಕದಿರೇಶ.

"ನೀವು ಅವರ ಮಗ ಅಲ್ವಾ? ನಿಮಗೂ ಬರುತ್ತಂತೆ."

"ನಂದೇನಿದ್ರೂ ಸಿಮೆಂಟು. ಸುಣ್ಣ ನಂಗೆ ಬರಲ್ಲ."

"ಕೋಲಾರದ ಅಕ್ಕಯ್ಯಮ್ಮನ ಛತ್ರ, ನೋಡಿದೀರಾ?"

ಕದಿರೇಶ ಒಳಗೆ ತಿರುಗಿ, ಮಜ್ಜಿಗೆ ತರಲು ಹೆಂಡತಿಗೆ ಹೇಳಿದ. ಅನಿತ ಫೋನ್ ನಂಬರ್ ಬರೆದುಕೊಟ್ಟು, ಗಂಗಾಲಕ್ಷ್ಮಿ ಕೊಟ್ಟ ಮಜ್ಜಿಗೆ ಕುಡಿದು ಹೋದಳು.

"ಬರಲ್ಲ ಅಂತ ಯಾಕಂದ್ರಿ?" ಎಂದು ಕೇಳಿದಳು ಗಂಗಾಲಕ್ಷ್ಮಿ. "ನಮ್ಮ ಮಾವ ಸಾಯೋತನಕ ನಿಮ್ಗೆ ಅದನ್ನೇ ಹೇಳ್ಕೊಡ್ತಿದ್ರು. ನಾನೇ ಕೇಳಿವ್ನಿ."

"ಆ ಛತ್ರಕ್ಕೆ ಸಿಮೆಂಟು ಮೆತ್ತಿದೋನು ನಾನೇ ಕಣೇ."

ಗಂಗಾಲಕ್ಷ್ಮಿ ಮಜ್ಜಿಗೆಯ ಲೋಟ ಎತ್ತಿಕೊಂಡಳು. "ಹಂಗಾದ್ರೆ ಒಂದ್ಸಲ ಹೋಗಿ ನೋಡ್ಕೊಂಡಾದ್ರೂ ಬನ್ನಿ," ಎಂದಳು.

ಮಾರನೆಯ ದಿನ ಅವನು ಯಾರಿಗೂ ಹೇಳದೆ ಬಸ್ಸು ಹತ್ತಿದ. ಛತ್ರದ ಮುಂದೆ ಬಿದಿರು ಕಟ್ಟಿ ದಾರಿ ಬಂದ್ ಮಾಡಿದ್ದರು. ಬಾಗಿ ಒಳಗೆ ಹೋದ. ಮುಂಗೋಡೆಯ ಗೆರೆಗಳು ಹಾಗೇ ಇದ್ದವು, ಎಳೆದ ದಿನದ ಹಾಗೆ. ಸಿಮೆಂಟಿಗೆ ಒಂದು ಕೂದಲೆಳೆಯಷ್ಟೂ ಊನವಾಗಿರಲಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದ. ಖಾಲಿ ಡಬ್ಬದ ಶಬ್ದ ಬಂತು. ಗಾರೆ ಬಿದ್ದಿದ್ದ ಕಡೆ ಒಳಗೆ ಕೈ ತೂರಿಸಿದ. ಸಿಮೆಂಟಿನ ಹಿಂದೆ ಒಂದು ಗೇಣು ಆಳದವರೆಗೆ ಇಟ್ಟಿಗೆಯೇ ಇರಲಿಲ್ಲ, ಬಿಳಿ ಉಪ್ಪು ಬೆರೆತ ಪುಡಿ ಇತ್ತು. ನೆಲದ ತೇವ ಮೇಲೇರಿ, ಹೊರಗೆ ಹೋಗಲು ದಾರಿಯಿಲ್ಲದೆ, ಹದಿನೇಳು ವರ್ಷ ಇಟ್ಟಿಗೆಯನ್ನು ತಿಂದಿತ್ತು. ಅವನು ಮೆತ್ತಿದ್ದು ನಿಂತಿತ್ತು. ಯಾವುದಕ್ಕೆ ಮೆತ್ತಿದ್ದನೋ ಅದು ಹೋಗಿತ್ತು.

ಅವನಿಗೆ ಮೆಟ್ಟಿಲ ಕೋಣೆ ನೆನಪಾಯಿತು. ಬಾಗಿಲು ತಳ್ಳಿಕೊಂಡು ಹೋದ. ಸಾಮಾನು ಮುಗಿದು ಬಿಟ್ಟಿದ್ದ ಆ ಗೋಡೆ ಕಪ್ಪಾಗಿತ್ತು, ಜೇಡರ ಬಲೆ ಕಟ್ಟಿತ್ತು. ಜೇಬಿನಲ್ಲಿದ್ದ ಬೀಗದ ಕೈಯಿಂದ ಬಲವಾಗಿ ಕೆರೆದ. ಬರೀ ಒಂದು ಬಿಳಿ ಗೀಟು ಬಿತ್ತು. ಅಲ್ಲೇ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತ. ಅಳು ಬರಲಿಲ್ಲ, ಆದರೆ ಅಪ್ಪ ಕಂಬಕ್ಕೆ ಕೈ ಊರಿ ನಿಂತದ್ದು, ಗೆರೆಯನ್ನು ಮಾತ್ರ ಹೊಗಳಿದ್ದು ಈಗ ಬೇರೆ ರೀತಿ ಅರ್ಥವಾಯಿತು. ಆಮೇಲೆ ಅನಿತಳಿಗೆ ಫೋನ್ ಮಾಡಿ, ಬರಲು ಹೇಳಿದ.

ಅವಳು ಬಂದ ಮೇಲೆ ಎದ್ದು, ಮುಂಗೋಡೆಯ ಹತ್ತಿರ ಕರೆದುಕೊಂಡು ಹೋಗಿ ಹೇಳಿದ, "ಅಮ್ಮ, ಈ ಗೋಡೆ ಹಾಳು ಮಾಡಿದೋನು ನಾನು."

ಅನಿತಳಿಗೆ ಸಿಟ್ಟು ಬರಬಹುದೆಂದು ಕಾದ. ಅವಳು ಗೆರೆಗಳ ಕಡೆ ನೋಡಿದಳು. "ಯಾರೋ ಒಬ್ಬರು ಮಾಡಿರ್ತಾರೆ ಅಂತ ಗೊತ್ತಿತ್ತು ಮೇಸ್ತ್ರಿ. ಆವಾಗ ಎಲ್ಲಾ ಕಡೆ ಇದನ್ನೇ ಮಾಡ್ತಿದ್ರು. ನಮ್ಮೂರಿನ ಗುಡಿಗೂ ಮಾಡಿದಾರೆ."

"ಎಲ್ರೂ ಮಾಡಿದ್ರು ನಿಜ. ನಮ್ಮಪ್ಪ ಬೇಡ ಅಂದಿದ್ದು ನಂಗೊಬ್ಬನ್ಗೇ."

"ಹಾಗಾದ್ರೆ ಕೀಳೋ ಕೆಲಸಕ್ಕೆ ನೀವೇ ಬನ್ನಿ. ತಂತಿ ಬಲೆಗೆ ಎಲ್ಲೆಲ್ಲಿ ಮೊಳೆ ಹೊಡೆದಿದೀರಿ ಅಂತ ನಿಮಗಲ್ದೆ ಇನ್ಯಾರಿಗೆ ಗೊತ್ತು?" ಎಂದಳು ಅನಿತ. ಆಮೇಲೆ ಮೆಲ್ಲಗೆ ಹೇಳಿದಳು, "ಆದ್ರೆ ಮೊದ್ಲು ಕಟ್ಟಡ ಉಳೀಬೇಕಲ್ಲ. ಮುಂದಿನ ವಾರ ಸಭೆ ಇದೆ."

ಸಭೆ ಛತ್ರದ ಎದುರಿನ ಸಮುದಾಯ ಭವನದಲ್ಲಿ ನಡೆಯಿತು. ನೂರೈವತ್ತು ಜನ ಸೇರಿದ್ದರು. ಕದಿರೇಶ ಹಿಂದಿನ ಸಾಲಿನಲ್ಲಿ ಕುಳಿತಿದ್ದ. ಸುಬ್ಬರಾಯಪ್ಪ ಮೇಷ್ಟ್ರು ಅಕ್ಕಯ್ಯಮ್ಮನ ಬಗ್ಗೆ ಚೆನ್ನಾಗಿಯೇ ಮಾತಾಡಿದರು, ಆದರೆ ಬಹಳ ಹೊತ್ತು ಮಾತಾಡಿದರು. ಜನ ಫೋನ್ ತೆಗೆದರು. ಅನಿತ ಗೋಡೆಯೊಳಗಿನ ತೇವದ ಪಟಗಳನ್ನು ಪರದೆಯ ಮೇಲೆ ತೋರಿಸಿದಳು. ಕೆಂಪು ನೀಲಿ ಬಣ್ಣಗಳು ಕಂಡವೇ ಹೊರತು ಯಾರ ತಲೆಗೂ ಏನೂ ಹತ್ತಲಿಲ್ಲ. ಆಮೇಲೆ ಎದ್ದವನು ಕೋದಂಡರಾಮಪ್ಪ. ತಲೆ ಪೂರ್ತಿ ನರೆತಿತ್ತು, ಧ್ವನಿ ಹಾಗೇ ಇತ್ತು.

"ಸ್ವಾಮಿ, ಈ ಕಟ್ಟಡ ರಿಪೇರಿ ಮಾಡಿದೋನೇ ನಾನು. ಅದರ ಒಳಗುಟ್ಟು ನನಗಿಂತ ಯಾರಿಗೆ ಗೊತ್ತು? ಅವತ್ತೇ ನಾವು ಸಿಮೆಂಟು ಹಾಕಿ ಭದ್ರ ಮಾಡ್ದೇ ಇದ್ದಿದ್ರೆ ಯಾವತ್ತೋ ಬೀಳ್ತಿತ್ತು. ಮನುಷ್ಯನ್ಗೆ ವಯಸ್ಸಾಗಲ್ವಾ? ಹಂಗೇ ಇಟ್ಟಿಗೆಗೂ. ಪುಡಿಪುಡಿ ಆಗೋಗೈತೆ. ಗೌರವವಾಗಿ ಇಳಿಸ್ಬಿಡಾಣ."

ಈ ಮಾತು ಎಲ್ಲರಿಗೂ ಅರ್ಥವಾಯಿತು. ಅಲ್ಲಲ್ಲಿ ತಲೆಗಳು ಆಡಿದವು. ಕದಿರೇಶ ಮೈಕಿನ ಮುಂದೆ ಎಂದೂ ನಿಂತವನಲ್ಲ. ಕುಳಿತಲ್ಲಿಂದಲೇ ಎದ್ದು, ಬೇಕಾದ್ದಕ್ಕಿಂತ ಜೋರಾಗಿ ಹೇಳಿದ:

"ಇಟ್ಟಿಗೆ ಪುಡಿ ಆಗಿದ್ದು ವಯಸ್ಸಾಗಿ ಅಲ್ಲ ಸ್ವಾಮಿ. ನಾನು ಮಾಡಿದ್ದು."

ಎಲ್ಲರೂ ತಿರುಗಿದರು. "ಯಾರಪ್ಪಾ ನೀನು?" ಎಂದರು ಅಧ್ಯಕ್ಷತೆ ವಹಿಸಿದ್ದವರು.

"ಲಕ್ಕೂರು ಕದಿರೇಶ. ಇವ್ರ ಕೈಕೆಳಗೆ ಗಾರೆ ಮೆತ್ತಿದ ಮೇಸ್ತ್ರಿ. ಸುಣ್ಣದ ಗೋಡೆ ನೆಲದಿಂದ ನೀರು ಎಳೀತೈತೆ, ಬಿಸ್ಲಿಗೆ ಆಚೆ ಬಿಡ್ತೈತೆ. ನಾನು ಮೇಲೆ ಸಿಮೆಂಟು ಬಳಿದು ಬಾಗ್ಲು ಹಾಕ್ಬಿಟ್ಟೆ. ನೀರು ಒಳಗೇ ಉಳ್ಕಂತು. ಉಪ್ಪು ಕಟ್ತು. ಅದು ಇಟ್ಟಿಗೆ ತಿಂತು. ತಪ್ಪು ಕೋದಂಡರಾಮಪ್ಪನೋರ್ದು ಒಬ್ರದ್ದೇ ಅಲ್ಲ, ಅವ್ರು ಹೇಳಿದ್ರು, ನಾನು ಮಾಡ್ದೆ. ನಮ್ಮಪ್ಪ ಬೇಡ ಅಂದಿದ್ದ, ನಾನು ಕೇಳ್ಲಿಲ್ಲ."

"ಇವನ ಮಾತು ಕಟ್ಕೊಂಡು—" ಎಂದು ಕೋದಂಡರಾಮಪ್ಪ ಶುರುಮಾಡಿದ.

"ನನ್ನ ಮಾತು ನಂಬೋದು ಬೇಡ," ಎಂದ ಕದಿರೇಶ. "ಮೆಟ್ಟಿಲ ಕೋಣೆ ಒಳಗೊಂದು ಗೋಡೆ ಐತೆ. ಅದಕ್ಕೆ ನಾವು ಸಿಮೆಂಟು ಮೆತ್ತಲಿಲ್ಲ. ಅದೂ ನೂರಿಪ್ಪತ್ತು ವರ್ಷದ್ದೇ, ಅದೇ ಇಟ್ಟಿಗೆ. ಹೋಗಿ ಮೊಳೆ ಹೊಡೀರಿ. ಸಲೀಸಾಗಿ ಇಳಿದ್ರೆ ನಾಳೆನೇ ಕೆಡವ್ರಿ."

ಎದುರಿಗೇ ಇದ್ದದ್ದರಿಂದ ಜನ ನಿಜವಾಗಿಯೂ ಎದ್ದು ಹೊರಟರು. ಮೆಟ್ಟಿಲ ಕೋಣೆಯಲ್ಲಿ ಹತ್ತು ಜನಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಉಳಿದವರು ಬಾಗಿಲಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಇಣುಕಿದರು. ಹಾರ್ಡ್‌ವೇರ್ ಅಂಗಡಿಯ ಶಿವಶಂಕರ್ ಓಡಿಹೋಗಿ ಸುತ್ತಿಗೆ, ಮೂರಂಗುಲದ ಮೊಳೆ ತಂದ. ಮಳಿಗೆಯ ಚಿತ್ರ ಬರೆಸಿದವರಲ್ಲಿ ಅವನೂ ಒಬ್ಬ, ಹಾಗಾಗಿ ಯಾರೂ ಅವನ ಕೈಯ ಬಗ್ಗೆ ಅನುಮಾನ ಪಡುವಂತಿರಲಿಲ್ಲ. ನಾಲ್ಕು ಏಟು ಹಾಕಿದ. ಮೊಳೆ ಕಾಲಂಗುಲ ಇಳಿದು ನಿಂತಿತು. ಐದನೆಯ ಏಟಿಗೆ ಸೊಟ್ಟಗಾಯಿತು. ಇನ್ನೊಂದು ಮೊಳೆ ತೆಗೆದ. ಅದೂ ಹಾಗೇ ಆಯಿತು. ಆಮೇಲೆ ಹೊರಗೆ ಬಂದು, ಮುಂಗೋಡೆಯಲ್ಲಿ ಗಾರೆ ಬಿದ್ದಿದ್ದ ಕಡೆ ಮೂರನೆಯ ಮೊಳೆಯನ್ನು ಹೆಬ್ಬೆರಳಿನಿಂದ ಒತ್ತಿದ. ಪೂರ್ತಿ ಒಳಗೆ ಹೋಯಿತು.

ಶಿವಶಂಕರ್ ಬೆರಳು ಒರೆಸಿಕೊಂಡು, "ಅಬ್ಬಾ, ಇದೇನ್ರೀ ಇದು," ಎಂದ. ಕೋದಂಡರಾಮಪ್ಪ ಆಗಲೇ ಹೊರಟುಹೋಗಿದ್ದ.

ಕಟ್ಟಡ ಉಳಿಯಿತು, ಆದರೆ ಪೂರ್ತಿ ಉಳಿಯಲಿಲ್ಲ. ಎರಡು ತಿಂಗಳ ಓಡಾಟದ ಕೊನೆಗೆ ಒಂದು ರಾಜಿಯಾಯಿತು: ಹಿಂದಿನ ಅಡುಗೆಮನೆ ಮತ್ತು ಮೂರು ಕೋಣೆಗಳು ರಸ್ತೆಗೆ, ಉಳಿದದ್ದು ಹಾಗೇ. ಅಡುಗೆಮನೆ ಕೆಡವಿದ ದಿನ ಸುಬ್ಬರಾಯಪ್ಪ ಮೇಷ್ಟ್ರು ಬರಲಿಲ್ಲ. ಕದಿರೇಶ ಬಂದಿದ್ದ. ಬಿದ್ದ ರಾಶಿಯಿಂದ ಗಟ್ಟಿ ಇಟ್ಟಿಗೆಗಳನ್ನು ಆರಿಸಿ ಒಂದು ಕಡೆ ಪೇರಿಸಿದ. ಮುಂಗೋಡೆಯ ತೂತು ಮುಚ್ಚಲು ಅದೇ ಅಳತೆಯ ಇಟ್ಟಿಗೆ ಬೇರೆಲ್ಲೂ ಸಿಗುವಂತಿರಲಿಲ್ಲ.

ಸಭೆಯ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಲಕ್ಕೂರಿನ ಟೀ ಅಂಗಡಿಯಲ್ಲಿ ಕದಿರೇಶನನ್ನು ಕಂಡರೆ, "ಏನ್ಲಾ, ನಮ್ಮನೆ ಗೋಡೆ ಯಾವಾಗ ಪುಡಿ ಆಗ್ತೈತೆ?" ಎಂದು ಕೇಳುವವರಿದ್ದರು. ಒಪ್ಪಿಕೊಂಡಿದ್ದ ಎರಡು ಮನೆ ಕೆಲಸ ತಪ್ಪಿಹೋದವು. ಹೊಸ ಇಟ್ಟಿಗೆಗೆ, ಕಾಂಕ್ರೀಟಿಗೆ ಸಿಮೆಂಟೇ ಸರಿ ಎಂದು ಅವನು ಬಿಡಿಸಿ ಹೇಳಿದರೂ ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಗಂಗಾಲಕ್ಷ್ಮಿ ಮಾತ್ರ, "ಹೇಳ್ದೋರು ಹೇಳ್ಕಂಡು ಹೋಗ್ಲಿ, ನೀವು ಬುತ್ತಿ ಕಟ್ಕೊಂಡು ನಡೀರಿ," ಎನ್ನುತ್ತಿದ್ದಳು.

ಸಿಮೆಂಟು ಕೀಳುವುದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಯಂತ್ರ ತಾಗಿಸುವಂತಿರಲಿಲ್ಲ. ಉಳಿಯಿಂದ ಗೆರೆ ಗೆರೆಯಾಗಿ ಬಿಡಿಸಿ, ತಂತಿ ಕತ್ತರಿಸಿ, ಮೊಳೆ ಕಿತ್ತು, ತಟ್ಟೆಯ ಹಾಗೆ ಇಳಿಸಬೇಕಿತ್ತು. ಛತ್ರದ ಹಿಂದೆ ಉಳಿದ ಜಾಗದಲ್ಲಿ ಗುಂಡಿ ತೋಡಿ ಸುಣ್ಣ ಅರಳಿಸಿದರು. ಗಾಣಕ್ಕೆ ಎತ್ತಿನ ಬದಲು ಅನಿತ ಒಂದು ಮೋಟಾರು ಗಿರಣಿ ತರಿಸಿದಳು. ಎಲ್ಲವೂ ಸರಿಯಾಗಿತ್ತು. ಆದರೆ ಮೊದಲು ಮೆತ್ತಿದ ಗೋಡೆ ಐದನೆಯ ದಿನಕ್ಕೆ ಒಣಗಿದ ಕೆರೆಯಂಗಳದ ಹಾಗೆ ಬಿರಿದು ನಿಂತಿತು. ಕೆರೆದು ಮತ್ತೆ ಮೆತ್ತಿದರು, ಮತ್ತೆ ಬಿರಿಯಿತು. ಗಾರೆಯನ್ನು ಬೆರಳಲ್ಲಿ ಉಜ್ಜಿ ನೋಡಿದರೆ ಅಪ್ಪನ ಹದವೇ. ಏನು ತಪ್ಪಿದೆ ಎಂದು ಕದಿರೇಶನಿಗೆ ತಿಳಿಯಲಿಲ್ಲ. ಕೂಲಿಗೆ ಬಂದಿದ್ದ ಗಂಡಾಳುಗಳಲ್ಲಿ ನಾಲ್ವರು, ಈ ಕೆಲಸ ಈ ಜನ್ಮಕ್ಕೆ ಮುಗಿಯುವುದಿಲ್ಲ ಎಂದು ಬಿಟ್ಟುಹೋದರು.

ಆಗ ಗಂಗಾಲಕ್ಷ್ಮಿಗೆ ಹುತ್ತೂರಿನ ದೊಡ್ಡಗಂಗಮ್ಮ ನೆನಪಾದಳು. ಸೊಣ್ಣಪ್ಪನ ಗಾಣದಲ್ಲಿ ಇಪ್ಪತ್ತು ವರ್ಷ ಗಾರೆ ಅರೆದು, ಗೋಡೆ ಉಜ್ಜಿದ ಹೆಂಗಸು. ಈಗ ಎಂಬತ್ತರ ಹತ್ತಿರ. ಕದಿರೇಶ, ಗಂಗಾಲಕ್ಷ್ಮಿ ಇಬ್ಬರೂ ಹುಡುಕಿಕೊಂಡು ಹೋದಾಗ ಅವಳು ರೇಷ್ಮೆ ಹುಳುವಿನ ಮನೆಯ ಬಾಗಿಲಲ್ಲಿ ಕುಳಿತು ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದಳು. ವಿಷಯ ಕೇಳಿ, "ನೋಡ್ದೆ ಏನ್ ಹೇಳ್ಲಿ? ಕರ್ಕೊಂಡು ಹೋಗ್ರಪ್ಪಾ," ಎಂದು ಸೀರೆ ಕೊಡವಿಕೊಂಡು ಎದ್ದಳು. ಆಟೋದಲ್ಲಿ ಛತ್ರಕ್ಕೆ ಬಂದು ಗಾರೆಯನ್ನು ಮುಟ್ಟಿದಳು, ಮೂಸಿದಳು.

"ಗಾರೆ ಚೆನ್ನಾಗೈತೆ. ಗೋಡೆಗೆ ಎಷ್ಟು ದಿನ ನೀರು ಕುಡ್ಸಿದ್ರಿ?"

"ಮೆತ್ತೋಕೆ ಮುಂಚೆ ಒಂದ್ಸಲ ಚಿಮುಕಿಸಿದ್ವಿ."

"ಅಯ್ಯೋ ನಿನ್ನ!" ಎಂದಳು ದೊಡ್ಡಗಂಗಮ್ಮ. "ಬಾಯಾರಿದ ಗೋಡೆ ಕಣಪ್ಪ ಇದು. ಗಾರೆ ಮುಟ್ಟಿಸ್ತಿದ್ದಂಗೆ ಅದರಾಗಿನ ನೀರೆಲ್ಲಾ ಹೀರ್ಕೊಂತೈತೆ, ಬಿರೀದೆ ಏನ್ ಮಾಡ್ತದೆ? ನಿಮ್ಮಪ್ಪ ನಮ್ಮನ್ನ ಮೂರು ದಿನ ಮುಂಚೆ ಕಳಿಸ್ತಿದ್ದ. ಬೆಳಗ್ಗೆ, ಸಂಜೆ, ಬಿಂದಿಗೆ ಬಿಂದಿಗೆ. ಮೆತ್ತಿದ ಮ್ಯಾಲೆ ಒದ್ದೆ ಗೋಣಿ ತಟ್ಟು. ನೀನು ಯಾವಾಗ್ಲೂ ನಾಲ್ಕನೇ ದಿನ ಬರ್ತಿದ್ದೆ, ನೋಡಿದ್ರೆ ತಾನೆ?"

ಕದಿರೇಶ ನಾಲಗೆ ಕಚ್ಚಿಕೊಂಡ. ಅಪ್ಪ ಅದನ್ನು ಎಂದೂ ಹೇಳಿರಲಿಲ್ಲ. ಅದು ಹೆಂಗಸರು ಮಾಡುವ ಕೆಲಸ, ಹೇಳುವಂಥದ್ದೇನೂ ಅಲ್ಲ ಎಂದುಕೊಂಡಿರಬೇಕು.

ಅಲ್ಲಿಂದ ಮುಂದೆ ಗೋಡೆ ಬಿರಿಯಲಿಲ್ಲ. ಬಿಟ್ಟುಹೋದ ಆಳುಗಳ ಜಾಗಕ್ಕೆ ಗಂಗಾಲಕ್ಷ್ಮಿ ಲಕ್ಕೂರಿನಿಂದ ಐದು ಜನ ಹೆಂಗಸರನ್ನು ಕರೆತಂದಳು. ದೊಡ್ಡಗಂಗಮ್ಮ ಜಗಲಿಯ ಮೇಲೆ ಚಾಪೆ ಹಾಕಿಸಿಕೊಂಡು, ವಾರಕ್ಕೆರಡು ದಿನ ಬಂದು ಕುಳಿತು, ಅವರಿಗೆ ಕೊನೆಯ ಪದರ ಬಳಿಯುವುದನ್ನು, ಹೊಳೆಯ ನುಣುಪು ಕಲ್ಲಿನಿಂದ ಅದನ್ನು ಗಂಟೆಗಟ್ಟಲೆ ಉಜ್ಜಿ ಮಿರುಗಿಸುವುದನ್ನು ಕಲಿಸಿದಳು. ಗಂಗಾಲಕ್ಷ್ಮಿಯ ಕೈ ಎಲ್ಲರಿಗಿಂತ ಚೆನ್ನಾಗಿ ಕೂತಿತು. ಅವಳು ಉಜ್ಜಿದ ಕಂಬದಲ್ಲಿ ಎದುರು ನಿಂತವರ ನೆರಳು ಮಸುಕಾಗಿ ಕಾಣುತ್ತಿತ್ತು. ಮುಂಗೋಡೆಗೆ ಗೆರೆ ಎಳೆಯಬೇಕೇ ಎಂದು ಅನಿತ ಕೇಳಿದಳು. ಮೊದಲು ಇರಲಿಲ್ಲ, ಬೇಡ ಎಂದ ಕದಿರೇಶ.

ಹದಿನಾಲ್ಕು ತಿಂಗಳಿಗೆ ಕೆಲಸ ಮುಗಿಯಿತು. ಈಗ ಮೇಲಿನ ಹಜಾರದಲ್ಲಿ ವಾಚನಾಲಯವಿದೆ. ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬೆಳಿಗ್ಗೆ ಎಂಟಕ್ಕೇ ಬಂದು ಕಿಟಕಿ ಪಕ್ಕದ ಜಾಗ ಹಿಡಿಯುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ಫ್ಯಾನ್ ಹಾಕಬೇಕಾಗಿಲ್ಲ ಎನ್ನುತ್ತಾರೆ. ಕೆಳಗಿನ ಕೋಣೆಗಳಲ್ಲಿ ಎರಡು ಖಾಲಿ ಬಿದ್ದಿವೆ, ಅವುಗಳನ್ನು ಏನು ಮಾಡಬೇಕೆಂದು ಟ್ರಸ್ಟಿನವರಲ್ಲಿ ಇನ್ನೂ ಒಮ್ಮತವಿಲ್ಲ. ಹಿಂದೆ, ಅಡುಗೆಮನೆ ಇದ್ದಲ್ಲಿ, ಲಾರಿಗಳು ಓಡಾಡುತ್ತವೆ. ಅವು ಹೋದಾಗ ಗೋಡೆ ಸ್ವಲ್ಪ ಅದುರುತ್ತದೆ. ಕದಿರೇಶ ಎರಡು ಮಳೆಗಾಲ ಹೋಗಿ ಕೈಯಿಟ್ಟು ನೋಡಿ ಬಂದಿದ್ದಾನೆ; ಮಳೆ ನಿಂತ ಮೂರನೆಯ ದಿನಕ್ಕೆ ಗೋಡೆ ಒಣಗುತ್ತದೆ.

ಕೋಲಾರದ ಹೊಸ ಬಡಾವಣೆಯ ಒಬ್ಬರು ಛತ್ರದ ಕಂಬಗಳನ್ನು ನೋಡಿ, ತಮ್ಮ ಕಾಂಕ್ರೀಟ್ ಮನೆಗೂ ಸುಣ್ಣವೇ ಬೇಕೆಂದು ಹಟ ಹಿಡಿದರು. ಕದಿರೇಶ ಒಪ್ಪಲಿಲ್ಲ. "ಅದಕ್ಕೆ ಇದು ಹೊಂದಲ್ಲ ಸ್ವಾಮಿ. ಬೇಕಾದ್ರೆ ಸಿಮೆಂಟಲ್ಲೇ ನೀಟಾಗಿ ಮಾಡ್ಕೊಡ್ತೀನಿ," ಎಂದ. ಮಾಡಿಯೂ ಕೊಟ್ಟ.

ಹೋದ ತಿಂಗಳು ಒಂದು ಬೆಳಿಗ್ಗೆ ಮುಳಬಾಗಿಲು ತಾಲ್ಲೂಕಿನಿಂದ ಫೋನ್ ಬಂತು. ಕುರುಡುಮಲೆಗೆ ಹೋಗುವ ದಾರಿಯಲ್ಲಿ ಒಂದು ಹಳೆಯ ಅರವಟ್ಟಿಗೆ ಮಂಟಪವಿದೆ, ಊರಿನವರೇ ಸೇರಿ ಸರಿ ಮಾಡಿಸುತ್ತಿದ್ದಾರೆ, ಒಳಗೋಡೆಗೆ ಮಿರುಗುವ ಸುಣ್ಣ ಬೇಕು, ಛತ್ರದ ಕಂಬ ಉಜ್ಜಿದ ಮೇಸ್ತ್ರಿ ಬರಬೇಕು ಎಂದರು. ಕದಿರೇಶ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ. ಬಾಯಿ ತೊಳೆದುಕೊಂಡು, ಫೋನನ್ನು ರಾಗಿ ಕೇರುತ್ತಿದ್ದ ಹೆಂಡತಿಯ ಮುಂದೆ ಹಿಡಿದ.

"ಯಾರು?" ಎಂದಳು ಗಂಗಾಲಕ್ಷ್ಮಿ.

"ಮೇಸ್ತ್ರಿ ಬೇಕಂತೆ. ಮಾತಾಡು."

ಅವಳು ಮೊರ ಕೆಳಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನ್ ತೆಗೆದುಕೊಂಡಳು. "ಹ್ಞೂ, ನಾನೇ ಹೇಳ್ರಪ್ಪಾ. ನಾವು ಆರು ಜನ ಹೆಂಗಸ್ರು ಬರ್ತೀವಿ. ನೀರು ಹತ್ರ ಐತಾ? ಹಂಗಾದ್ರೆ ಸರಿ. ಸೋಮವಾರದಿಂದ ಗೋಡೆಗೆ ನೀರು ಹಾಕೋಕೆ ಶುರು ಮಾಡ್ಕೊಳ್ಳಿ, ನಾವು ಗುರುವಾರ ಬೆಳಗ್ಗೆ ಬಸ್ಸಿಗೆ ಬರ್ತೀವಿ."